ಹಾವುಮೀನಿನ ಪ್ರೊಫೆಸರರಿಗೊಂದು ಸನ್ಮಾನ

ನಮ್ಮ ಪಕ್ಕದ ಮನೆಯ ಜರ್ಮನ್ ಪ್ರೊಫೆಸರರು ತಮ್ಮ ಹೃದಯ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಗಡಿಯಾರ ಹಿಡಿದು ಅಳೆಯುತ್ತಿದ್ದರು. ಹೆಚ್ಚು ಹೊತ್ತು ನಿಂತ ದಿನ ಹೆಚ್ಚು ಖುಷಿಯಾಗಿರುತ್ತಿದ್ದರು. ಬೆಳಿಗ್ಗೆ ನಾನು ಬಟ್ಟೆ ಒಣಹಾಕುವಾಗ ಬೇಲಿಯ ಆಚೆಯಿಂದ ಕೈಯೆತ್ತಿ "ಇಂದು ನಾಲ್ಕು ಸೆಕೆಂಡು!" ಎನ್ನುವರು. ಹಿತ್ತಿಲಲ್ಲಿ ಬಿಟ್ಟ ಪಡವಲಕಾಯಿಯ ಉದ್ದ ಹೇಳುವವರ ಮುಖದಲ್ಲಿ ಇರುತ್ತದಲ್ಲ, ಅಂಥದೇ ಹೆಮ್ಮೆ. ಅವರಿಗೆ ಎಂಬತ್ತನಾಲ್ಕು ವರ್ಷ. ಅವರ ಮನೆಯಿಂದ ರಸ್ತೆಗೆ ಇಳಿಯಲು ಅರವತ್ತೆರಡು ಮೆಟ್ಟಿಲು. ನಾಲ್ಕು ಸೆಕೆಂಡು ಹೃದಯ ನಿಂತ ಮನುಷ್ಯ ಆ ಮೆಟ್ಟಿಲ ಮೇಲಿದ್ದರೆ ಏನಾಗುತ್ತದೆ ಎಂದು ತಿಳಿಯಲು ಯಾರೂ ಪ್ರೊಫೆಸರ್ ಆಗಬೇಕಾಗಿಲ್ಲ.

ನಾನು ಧಾರವಾಡದವಳು. ಮೈಸೂರಿನಲ್ಲಿ ಇಸಿಜಿ, ಎಕೋ ಮಾಡುವ ವಿದ್ಯೆ ಕಲಿತು, ಗಂಡನ ಜೊತೆ ನ್ಯೂಜಿಲೆಂಡಿಗೆ ಬಂದು ಹದಿನಾಲ್ಕು ವರ್ಷವಾಯಿತು. ಲೋವರ್ ಹಟ್‌ನ ಗುಡ್ಡದ ಮೇಲೆ ಮನೆ. ಗಂಡ ದಿನಾ ರೈಲು ಹಿಡಿದು ವೆಲ್ಲಿಂಗ್ಟನ್ನಿಗೆ ಹೋಗಿ ಸರ್ಕಾರದ ಕಂಪ್ಯೂಟರುಗಳಿಗೆ ಸಮಾಧಾನ ಹೇಳಿ ಬರುತ್ತಾರೆ. ನಾನು ಒಂದು ಆಸ್ಪತ್ರೆಯ ಹೃದಯ ವಿಭಾಗದಲ್ಲಿ ಜನರ ಎದೆಗೆ ತಂತಿ ಅಂಟಿಸುತ್ತೇನೆ, ಕೀಳುತ್ತೇನೆ. ಇಲ್ಲಿ ಈ ಕೆಲಸಕ್ಕೆ 'ಕಾರ್ಡಿಯಾಕ್ ಫಿಸಿಯಾಲಜಿಸ್ಟ್' ಎಂಬ ದೊಡ್ಡ ಹೆಸರಿದೆ. ಪ್ರೊಫೆಸರರು ಮೊದಲ ಸಲ ನನ್ನ ಬ್ಯಾಡ್ಜ್ ಓದಿ, ಕನ್ನಡಕ ಒರೆಸಿ, ಮತ್ತೊಮ್ಮೆ ಓದಿ, "ನಾನು ಹೃದಯದ ಫಿಸಿಯಾಲಜಿಸ್ಟ್ ಆಗಲು ಇಪ್ಪತ್ತು ವರ್ಷ ತೆಗೆದುಕೊಂಡೆ. ನಿನಗೆ ಇದನ್ನು ಪಿನ್ನು ಹಾಕಿ ಕೊಟ್ಟರೇ?" ಎಂದು ಕೇಳಿದ್ದರು. ನಮ್ಮ ಸ್ನೇಹ ಶುರುವಾದದ್ದು ಹೀಗೆ ಅವಮಾನದಿಂದಲೇ.

ನಾವಿಬ್ಬರೂ ಮಾತಾಡುವುದು ಇಂಗ್ಲಿಷಿನಲ್ಲಿ. ಅವರ ಇಂಗ್ಲಿಷು ಇಸ್ತ್ರಿ ಹಾಕಿದ್ದು, ಕನ್ನಡಕ್ಕೆ ಇಳಿಸಿದರೆ ಪಠ್ಯಪುಸ್ತಕದ ಕನ್ನಡವೇ ಆಗುತ್ತದೆ. ಅವರ ಮುಂದೆ ನನ್ನದೂ ಹಾಗೇ ಬಿಗಿದುಕೊಳ್ಳುತ್ತದೆ. ಇದನ್ನೆಲ್ಲ ಬರೆಯಲೇ ಎಂದು ಕೇಳಿದಾಗ ಅವರು ಒಪ್ಪಿದರು, ಆದರೆ ಹೆಸರು ಹಾಕಕೂಡದು ಎಂದರು. ಹೆಸರು ಹಾಕಿದ ಕೂಡಲೇ ಓದುವವರು ಹೃದಯವನ್ನು ಬಿಟ್ಟು ಮನುಷ್ಯನನ್ನು ನೋಡುತ್ತಾರಂತೆ. ಹಾಗಾಗಿ ಯಾರ ಹೆಸರನ್ನೂ ಹಾಕುವುದಿಲ್ಲ.

ಅವರ ತಂದೆ ಜರ್ಮನಿಯ ಒಂದು ಸಣ್ಣ ಊರಿನಲ್ಲಿ ಮಾಂಸದಂಗಡಿ ಇಟ್ಟಿದ್ದರು. ಎತ್ತಿನ ಹೃದಯವನ್ನು ಕೊಯ್ದು ತಟ್ಟೆಗೆ ಹಾಕಿದ ಮೇಲೂ ಅದು ಎರಡು ಸಲ ಅದುರಿದ್ದನ್ನು ಇವರು ಆರನೇ ವರ್ಷದಲ್ಲಿ ನೋಡಿದರು. ಅಪ್ಪನನ್ನು ಯಾಕೆ ಎಂದು ಕೇಳಿದರು. ಅಪ್ಪ, ಗಿರಾಕಿಗಳ ಮುಂದೆ ಇಂಥ ಪ್ರಶ್ನೆ ಕೇಳಬಾರದು ಎಂದು ಕಿವಿ ಹಿಂಡಿದರು. ಆ ಕಿವಿಯನ್ನು ಮುಟ್ಟಿಕೊಂಡೇ ಇವರು ವೈದ್ಯಕೀಯ ಓದಿದರು. ಆದರೆ ರೋಗಿಗಳು ಬಹಳ ಮಾತಾಡುತ್ತಾರೆಂದು ವರ್ಷದೊಳಗೆ ಬೇಸರ ಬಂತು. ಕಪ್ಪೆಗಳ ಕಡೆ ತಿರುಗಿದರು. ಕಪ್ಪೆಯ ಹೃದಯ ಮುಗಿಸಿ, ಹಾವುಮೀನಿನ ಹೃದಯ ನೋಡಲು ಎರಡು ವರ್ಷದ ಮಟ್ಟಿಗೆ ಎಂದು ನ್ಯೂಜಿಲೆಂಡಿಗೆ ಬಂದರು. ಇಲ್ಲಿನ ಹೊಳೆಗಳ ಹಾವುಮೀನು ಮನುಷ್ಯನಷ್ಟೇ ವರ್ಷ ಬದುಕುತ್ತದಂತೆ. ಆ ಎರಡು ವರ್ಷ ಇನ್ನೂ ಮುಗಿದಿಲ್ಲ.

ಅವರು ಜೀವಮಾನವೆಲ್ಲ ನೋಡಿದ್ದು ಒಂದೇ ಸಂಗತಿ. ಹೃದಯ ಒಂದು ಬಡಿತ ತಪ್ಪಿಸಿ ನಿಂತರೆ, ನಿಂತ ಮೇಲಿನ ಬಡಿತ ಮಾಮೂಲಿಗಿಂತ ಜೋರಾಗಿರುತ್ತದೆ. ಅಷ್ಟೇ. ನನ್ನ ಗಂಡ ಒಮ್ಮೆ ಊಟ ಮಾಡುವಾಗ, ಇಷ್ಟು ಹೇಳಲು ಮೂವತ್ತೈದು ವರ್ಷ ಬೇಕಾಯಿತೇ ಎಂದು ಕೇಳಿಬಿಟ್ಟರು. ನಾನು ಮೇಜಿನ ಕೆಳಗೆ ಅವರ ಕಾಲು ತುಳಿದೆ.

"ಇಷ್ಟು ಹೇಳಲು ಒಂದು ಮಧ್ಯಾಹ್ನ ಸಾಕಾಯಿತು. ಏಕೆ ಎಂದು ಹೇಳಲು ಉಳಿದದ್ದು ಬೇಕಾಯಿತು. ಇನ್ನೂ ಹೇಳಿ ಮುಗಿದಿಲ್ಲ" ಎಂದರು ಪ್ರೊಫೆಸರರು, ಕೋಪವಿಲ್ಲದೆ.

ಹೆಂಡತಿ ತೀರಿಕೊಂಡ ಮೇಲೆ ಅವರು ಪ್ರತಿ ಶುಕ್ರವಾರ ನಮ್ಮಲ್ಲಿಗೆ ಮೊಸರನ್ನಕ್ಕೆ ಬರುತ್ತಿದ್ದರು. ಯಾವ ಪದದ ಅರ್ಥವನ್ನೂ ಅವರು ಕೇಳುವವರಲ್ಲ. ನೋಡಿ ತಿಳಿಯಬೇಕು ಎಂಬುದು ಅವರ ಮತ. ನಮ್ಮ ಮಗಳು "ಸಾಕು, ಸಾಕು" ಎಂದಾಗಲೆಲ್ಲ ಅವಳ ತಟ್ಟೆಗೆ ನಾನು ಇನ್ನೊಂದು ಸೌಟು ಬಡಿಸುವುದನ್ನು ಹನ್ನೆರಡು ಶುಕ್ರವಾರ ಗಮನಿಸಿ, ಹದಿಮೂರನೆಯ ಶುಕ್ರವಾರ ತಟ್ಟೆ ಮುಂದೆ ಚಾಚಿ ಗಂಭೀರವಾಗಿ "ಸಾಕು" ಎಂದರು. ಬಡಿಸಿದೆ. ಅವರ ಸಿದ್ಧಾಂತ ಸಾಬೀತಾಯಿತು. ಹಾಗೆಯೇ ನಮ್ಮ ಗೋಡೆಯ ಮೇಲೆ ಗಂಧದ ಹಾರ ಹಾಕಿದ ನನ್ನ ಅಪ್ಪನ ಫೋಟೊ, ಅದರ ಪಕ್ಕದಲ್ಲೇ ಅಂಥದೇ ಹಾರದ ಮಾವನವರ ಫೋಟೊ, ಹಾರವಿಲ್ಲದ ನನ್ನ ಅಮ್ಮನ ಫೋಟೊ. ಪ್ರತಿ ಭಾನುವಾರ ವಿಡಿಯೋ ಕಾಲಿನಲ್ಲಿ ಮಾತಾಡುವ ಅಮ್ಮನನ್ನು ಅವರು ನೋಡಿದ್ದರು. ಇದನ್ನೂ ಕೇಳಲಿಲ್ಲ, ನೋಡಿ ಇಟ್ಟುಕೊಂಡರು. ಇದು ಮುಂದೆ ನಮಗೆ ಮುಳುವಾಗುತ್ತದೆಂದು ನನಗೇನು ಗೊತ್ತು?

ಕಳೆದ ಚಳಿಗಾಲ ಪೋಸ್ಟಿನವಳು ಅವರನ್ನು ಮೆಟ್ಟಿಲ ಬುಡದ ಅಂಚೆಪೆಟ್ಟಿಗೆಯ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಾಗ ಕಂಡಳು. ಏನಾಯಿತೆಂದರೆ "ಕತ್ತಲೆ" ಎಂದರಂತೆ. ನಾನು ಬೈದು, ಹೆದರಿಸಿ, ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಎದೆಗೆ ಹೋಲ್ಟರ್ ಕಟ್ಟಿದೆವು. ಅದೊಂದು ಸಣ್ಣ ಡಬ್ಬಿ, ಒಂದು ದಿನ ಪೂರ್ತಿ ಹೃದಯದ ಬಡಿತ ಬರೆದುಕೊಳ್ಳುತ್ತದೆ. ಜೊತೆಗೆ ರೋಗಿ ಒಂದು ಚೀಟಿಯಲ್ಲಿ ಏನೇನು ಮಾಡಿದೆ ಎಂದು ಬರೆಯಬೇಕು. ಜನ 'ಊಟ', 'ನಿದ್ದೆ' ಎಂದು ಎರಡು ಸಾಲು ಗೀಚುತ್ತಾರೆ. ಇವರು ಹದಿನೇಳು ಹಾಳೆ ಕೊಟ್ಟರು. 'ಹತ್ತು ಗಂಟೆ ನಲವತ್ತೆರಡು. ಮೂವತ್ತೊಂದನೆಯ ಮೆಟ್ಟಿಲು. ಕಣ್ಣಿಗೆ ಕತ್ತಲೆ. ಕಂಬಿ ಹಿಡಿದೆ. ಕತ್ತಲೆಯ ಬಣ್ಣ ಕಂದು, ಕಪ್ಪಲ್ಲ. ಬಹಳ ಸ್ವಾರಸ್ಯಕರ.' ನಾನು ಯಂತ್ರದಲ್ಲಿ ಅದೇ ಹೊತ್ತನ್ನು ತೆಗೆದು ನೋಡಿದೆ. ಆರು ಸೆಕೆಂಡು ಗೆರೆ ಮಲಗಿತ್ತು.

ಪೇಸ್‌ಮೇಕರ್ ಹಾಕಿಸಲೇಬೇಕು, ಹೃದಯ ನಿಂತಾಗಲೆಲ್ಲ ಆ ಯಂತ್ರ ತಾನೇ ಬಡಿತ ಕೊಡುತ್ತದೆ ಎಂದು ಡಾಕ್ಟರು ಹೇಳಿದರು. ಪ್ರೊಫೆಸರರು ಒಪ್ಪಲಿಲ್ಲ.

"ಒಂದೇ ಪ್ರಾಣಿ, ಒಂದೇ ದಿನ. ಇಷ್ಟರ ಮೇಲೆ ತೀರ್ಮಾನಕ್ಕೆ ಬಂದ ವಿದ್ಯಾರ್ಥಿಯನ್ನು ನಾನು ಫೇಲು ಮಾಡುತ್ತಿದ್ದೆ" ಎಂದರು. ಆಮೇಲೆ ಕಾರಿನಲ್ಲಿ ನನಗೆ ನಿಜವಾದ ಕಾರಣ ಹೇಳಿದರು. "ನಾನು ಜೀವನವಿಡೀ ಹಾವುಮೀನುಗಳಲ್ಲಿ ಹುಡುಕಿದ ನಿಲುಗಡೆ ಈಗ ನನ್ನೊಳಗೇ ಬಂದಿದೆ. ನಿಂತ ಮೇಲಿನ ಬಡಿತ ಒಳಗಿನಿಂದ ಹೇಗಿರುತ್ತದೆ ಎಂದು ಯಾವ ಹಾವುಮೀನೂ ನನಗೆ ಹೇಳಲಿಲ್ಲ. ನಿಮ್ಮ ಯಂತ್ರ ಹೃದಯವನ್ನು ನಿಲ್ಲಲು ಬಿಡುವುದಿಲ್ಲ. ಪ್ರಶ್ನೆ ಮುಗಿಯುವ ಮೊದಲೇ ಕೈಯೆತ್ತುವ ವಿದ್ಯಾರ್ಥಿ ಅದು."

"ನೀವು ಸತ್ತರೆ ಯಾರು ಬರೆಯುತ್ತಾರೆ?" ಎಂದು ಕೇಳಿದೆ.

"ಅದೊಂದು ತೊಂದರೆ ಇದೆ" ಎಂದು ಒಪ್ಪಿಕೊಂಡರು.

ಅಲ್ಲಿಂದ ಮೂರು ತಿಂಗಳು ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ನನ್ನ ಅಪ್ಪ ಹೋದಾಗ ನಾನು ಇಲ್ಲಿದ್ದೆ, ವಿಮಾನ ಹಿಡಿದು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಈಗ ಬೇಲಿಯಾಚೆ ಇರುವ ಮುದುಕನನ್ನೂ ಕಣ್ಣೆದುರೇ ಕಳೆದುಕೊಳ್ಳುವುದೆಂದರೆ ನನ್ನ ವಿದ್ಯೆಗಿಷ್ಟು ಬೆಂಕಿ ಹಾಕಬೇಕು ಅನ್ನಿಸುತ್ತಿತ್ತು. ಪ್ರತಿ ಬೆಳಿಗ್ಗೆ ಅಡುಗೆಮನೆಯ ಕಿಟಕಿಯಿಂದ ಅವರ ಪರದೆ ಸರಿದಿದೆಯೇ ಎಂದು ನೋಡಿ ಆಮೇಲೆ ಚಹಾಕ್ಕಿಡುತ್ತಿದ್ದೆ.

ಇಂಥ ಹೊತ್ತಿನಲ್ಲಿ ನಮ್ಮ ಕನ್ನಡ ಸಂಘದ ಅಧ್ಯಕ್ಷರಿಂದ ಫೋನು ಬಂತು. ಮೈಸೂರಿನವರು, ನಿವೃತ್ತ ಎಂಜಿನಿಯರು, ಎಲ್ಲರಿಗೂ ಅಂಕಲ್. ರಾಜ್ಯೋತ್ಸವಕ್ಕೆ ಬರಬೇಕಿದ್ದ ಗಣ್ಯರೊಬ್ಬರು ಕೈಕೊಟ್ಟಿದ್ದರು. ಶಾಲು, ಪೇಟ, ಹಾರ, ಹಣ್ಣಿನ ಬುಟ್ಟಿ, ಸನ್ಮಾನಪತ್ರದ ಚೌಕಟ್ಟು ಎಲ್ಲ ಸಿದ್ಧ. ಹೊದಿಸಿಕೊಳ್ಳಲು ಮನುಷ್ಯನಿಲ್ಲ.

"ನಿಮ್ಮ ಪಕ್ಕದ್ಮನೇಲಿ ಯಾರೋ ಜರ್ಮನ್ ಹಾರ್ಟ್ ಪ್ರೊಫೆಸರ್ ಇದಾರಂತಲ್ಲಮ್ಮ?"

"ಅದಾರ್ರಿ ಅಂಕಲ್. ಆದ್ರ ಅವರಿಗೂ ಕನ್ನಡಕ್ಕೂ ಏನ್ ಸಂಬಂಧರೀ?"

"ಏನಮ್ಮ ಹೀಗಂತೀಯ! ಕನ್ನಡಕ್ಕೆ ನಿಘಂಟು ಮಾಡ್ಕೊಟ್ಟೋರೇ ಜರ್ಮನ್ರು. ಆ ಋಣ ನಮ್ಮ ಮೇಲೆ ಹಾಗೇ ಇದೆ. ಇವರಿಗೊಂದು ಶಾಲು ಹೊದಿಸಿಬಿಡೋಣ, ತೀರುತ್ತೆ."

ನಾನು ಓದಿದ್ದೂ ಧಾರವಾಡದಲ್ಲಿ ಜರ್ಮನ್ ಪಾದ್ರಿಗಳು ಕಟ್ಟಿಸಿದ ಶಾಲೆಯಲ್ಲೇ. ನಮ್ಮಜ್ಜಿಗೆ ಜರ್ಮನರೆಂದರೆ ಹೆಂಚು ಗಟ್ಟಿ, ಮಾತು ಗಟ್ಟಿ. ಹೂಂ ಎಂದೆ.

ಸನ್ಮಾನಪತ್ರದ ಕರಡು ಬಂತು. ಶುಕ್ರವಾರ ಊಟವಾದ ಮೇಲೆ ಅದನ್ನು ಸಾಲು ಸಾಲಾಗಿ ಇಂಗ್ಲಿಷಿಗೆ ಮಾಡಿ ಓದಿದೆ. ಪ್ರೊಫೆಸರರು ಜೇಬಿನಿಂದ ಪೆನ್ಸಿಲ್ ತೆಗೆದರು.

'ಪುಣ್ಯಭೂಮಿಯಾದ ಜರ್ಮನಿಯಲ್ಲಿ ಜನಿಸಿ' ಎಂದು ಓದಿದೆ.

"ನಾನು ಹುಟ್ಟಿದ ಕಾಲದ ಜರ್ಮನಿಗೆ ಆ ವಿಶೇಷಣವನ್ನು ಯಾರೂ ಬಳಸಿಲ್ಲ. ತೆಗೆದುಹಾಕು."

'ಕಡುಬಡತನದಲ್ಲಿ ಬೆಂದು ಅರಳಿದ.'

"ಮಾಂಸದಂಗಡಿ. ಊರಿನಲ್ಲಿ ನಾವೊಬ್ಬರೇ ದಪ್ಪಗಿದ್ದೆವು. ತೆಗೆದುಹಾಕು."

'ಸಾವಿರಾರು ಹೃದಯಗಳನ್ನು ಮುಟ್ಟಿದ ಮಹನೀಯರು.'

ಇಲ್ಲಿ ತುಸು ಯೋಚಿಸಿದರು. "ಸಂಖ್ಯೆ ಸರಿಯಿರಬಹುದು. ಆದರೆ ಅವು ಹಾವುಮೀನುಗಳವು, ಮುಟ್ಟಿದ ಮೇಲೆ ಒಂದೂ ಬದುಕಲಿಲ್ಲ ಎಂದು ಸೇರಿಸು."

'ಅಜಾತಶತ್ರು' ಎಂಬ ಪದಕ್ಕೆ, ಶತ್ರುಗಳೇ ಹುಟ್ಟದವರು ಎಂದು ಅರ್ಥ ಹೇಳಿದೆ. ಅವರಿಗೆ ನಿಜಕ್ಕೂ ಸಿಟ್ಟು ಬಂತು. ತಮಗೆ ಬದುಕಿರುವ ಶತ್ರುಗಳೇ ಮೂವರಿದ್ದಾರೆ, ಒಬ್ಬೊಬ್ಬರನ್ನೂ ಕಷ್ಟಪಟ್ಟು ಸಂಪಾದಿಸಿದ್ದೇನೆ ಎಂದು, ಆ ಪದವನ್ನು ನನ್ನಿಂದ ನಾಲ್ಕು ಸಲ ಹೇಳಿಸಿ ಉಚ್ಚಾರ ಬರೆದುಕೊಂಡರು.

ತಿದ್ದಿದ ಪ್ರತಿಯನ್ನು ಅಂಕಲ್‌ಗೆ ಕಳಿಸಿದೆ. "ಅಯ್ಯೋ ಬಿಡಮ್ಮ, ಸನ್ಮಾನಪತ್ರ ಅಂದ್ಮೇಲೆ ಅದೆಲ್ಲ ನಿಜ ಇರಕ್ಕಾಗುತ್ತಾ? ಪ್ರಿಂಟ್ ಹಾಕ್ಸಾಯ್ತು" ಎಂದರು.

ಕಾರ್ಯಕ್ರಮ ಒಂದು ಶಾಲೆಯ ಸಭಾಂಗಣದಲ್ಲಿ, ಶನಿವಾರ ಮೂರು ಗಂಟೆಗೆ. ಪ್ರೊಫೆಸರರು ಎರಡೂಮುಕ್ಕಾಲಿಗೇ ಸೂಟು ಹಾಕಿಕೊಂಡು ಮೊದಲ ಸಾಲಿನಲ್ಲಿ ಕೂತರು. ಮೈಕು ಬಂದದ್ದು ನಾಲ್ಕಕ್ಕೆ. ಅಷ್ಟು ಹೊತ್ತೂ ಅವರು ಗಡಿಯಾರ ನೋಡಿಕೊಂಡು ಕೈನಾಡಿ ಹಿಡಿದಿದ್ದರು. ನಾಡಗೀತೆ, ಸ್ವಾಗತ, ಮಕ್ಕಳ ಕುಣಿತ ಮುಗಿದು ಅವರನ್ನು ವೇದಿಕೆಗೆ ಕರೆದರು. ಜರಿಯಂಚಿನ ಬಟ್ಟೆ ಹಾಸಿದ ಕುರ್ಚಿಯಲ್ಲಿ ಕೂರಿಸಿದರು. ಪೇಟ ತೊಡಿಸಿದರು, ದೊಡ್ಡದಾಗಿ ಕಿವಿಯವರೆಗೆ ಇಳಿಯಿತು. ಶಾಲು ಹೊದಿಸಿದರು. ತೊಡೆಯ ಮೇಲೆ ಹಣ್ಣಿನ ಬುಟ್ಟಿ ಇಟ್ಟರು. ಆಮೇಲೆ ಹಾರ. ತಾಜಾ ಹೂವಿನ ಹಾರವನ್ನು ನ್ಯೂಜಿಲೆಂಡಿನ ವಿಮಾನನಿಲ್ದಾಣದಲ್ಲಿ ಒಳಗೆ ಬಿಡುವುದಿಲ್ಲವಲ್ಲ, ಹಾಗಾಗಿ ಸಂಘದಲ್ಲಿ ಯಾವಾಗಲೂ ಮೈಸೂರಿನ ಗಂಧದ ಹಾರ. ನಮ್ಮ ಮನೆಯ ಫೋಟೊಗಳ ಮೇಲಿದ್ದವೂ ಅದೇ ಅಂಗಡಿಯವು.

ಅಂಕಲ್ ಹಾರವನ್ನು ಅವರ ಕೊರಳಿಗೆ ಹಾಕಿದಾಗ ಪ್ರೊಫೆಸರರು ಅದನ್ನು ಎರಡು ಬೆರಳಲ್ಲಿ ಎತ್ತಿ ಮೂಸಿ ನೋಡಿದರು. ಮತ್ತೆ ತಲೆ ಎತ್ತಿ ಸೀದಾ ನನ್ನನ್ನು ನೋಡಿದರು. ಆ ನೋಟ ನನಗೆ ಅರ್ಥವಾಗಲಿಲ್ಲ. ಅಂಕಲ್ ಸನ್ಮಾನಪತ್ರ ಓದಿದರು. 'ತಮ್ಮ ಹೆಸರು ಅಜರಾಮರವಾಗಲಿ' ಎಂಬಲ್ಲಿಗೆ ಮುಗಿಯಿತು, ಅದನ್ನು ಯಾರೋ ಇಂಗ್ಲಿಷಿನಲ್ಲೂ ಹೇಳಿದರು. ಆಮೇಲೆ ನಮ್ಮವರು ಸುಮ್ಮನಿರುತ್ತಾರೆಯೇ? ಇಡೀ ಸಭೆ ಸಾಲುಗಟ್ಟಿ ನಿಂತು ಒಬ್ಬೊಬ್ಬರಾಗಿ ಅವರ ಕಾಲು ಮುಟ್ಟಿ, ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡಿತು. ಅವರು ಬುಟ್ಟಿ ಹಿಡಿದು ಕದಲದೆ ಕೂತಿದ್ದರು.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ತಟ್ಟಿದರು. ಭಾನುವಾರ ಅವರು ಬರುವವರಲ್ಲ. ಕೈಯಲ್ಲಿ ಬಾಳೆಹಣ್ಣು ಖಾಲಿಯಾಗಿದ್ದ ಹಣ್ಣಿನ ಬುಟ್ಟಿ, ಅದರೊಳಗೆ ಒಂದು ಹಾಳೆ. ಮುಖ ಬಿಳಿಚಿಕೊಂಡಿತ್ತು. ಕೂರಿಸಿ ಕಾಫಿ ಕೊಟ್ಟೆ. ಮುಟ್ಟಲಿಲ್ಲ.

"ನನ್ನ ವೀಕ್ಷಣೆಗಳನ್ನು ಹೇಳುತ್ತೇನೆ. ಕಂಬಳಿ ಹೊದಿಸಿದರು. ಹಣ್ಣು ಕೊಟ್ಟರು, ಹಣ್ಣನ್ನು ರೋಗಿಗೆ ಕೊಡುತ್ತಾರೆ. ಒಳ್ಳೆಯ ಮಾತುಗಳನ್ನು ಮಾತ್ರ ಹೇಳಿದರು, ನಾನು ತಿದ್ದಿದರೂ ಬಿಡಲಿಲ್ಲ. ನನ್ನ ದೇಶದಲ್ಲಿ ಹಾಗೆ ಹೇಳುವುದು ಒಂದೇ ಸಂದರ್ಭದಲ್ಲಿ. ಪರಿಚಯವಿಲ್ಲದ ನೂರಿಪ್ಪತ್ತು ಜನ ಸಾಲಾಗಿ ಬಂದು ನನ್ನನ್ನು ಕೊನೆಯ ಬಾರಿ ನೋಡಿಹೋದರು. ಹಲವರು ಪಾದ ಮುಟ್ಟಿದರು." ಗೋಡೆಯ ಕಡೆ ಬೆರಳು ತೋರಿಸಿದರು. "ಮತ್ತು ಆ ಹಾರ."

ನಾನು ಬಾಯಿ ತೆರೆದೆ. ಅವರು ಕೈಯೆತ್ತಿ ತಡೆದರು.

"ಮಾತಾಡಬೇಡ. ನಿನ್ನ ಕೆಲಸ ಹೋಗುತ್ತದೆ. ನನಗೆ ತೋರಿಸದ ಇನ್ನೊಂದು ರೆಕಾರ್ಡಿಂಗ್ ಇದೆ. ಅದರಲ್ಲಿ ಆರು ಸೆಕೆಂಡಿಗಿಂತ ಬಹಳ ಹೆಚ್ಚಿದೆ. ಡಾಕ್ಟರು ನನಗೆ ಆಘಾತವಾಗಬಾರದೆಂದು ಹೇಳಿಲ್ಲ, ನಿಮ್ಮ ಜನಕ್ಕೆ ಹೇಗೋ ತಿಳಿದಿದೆ. ಇದು ನನ್ನ ತೀರ್ಮಾನ. ತಪ್ಪಿದ್ದರೆ 'ಇಲ್ಲ' ಎಂದು ಒಂದು ಮಾತು ಹೇಳು. ಸರಿಯಿದ್ದರೆ ಸುಮ್ಮನಿರು."

ನಗು ಬರಬೇಕಿತ್ತು. ಬರಲಿಲ್ಲ. ಅವರ ತುಟಿ ಅದುರುತ್ತಿತ್ತು. 'ಇಲ್ಲ ಪ್ರೊಫೆಸರ್, ನಾವು ಹೀಗೇ. ಬೋರ್‌ವೆಲ್ ಉದ್ಘಾಟಿಸಿದವರಿಗೂ ಇದೇ ಶಾಲು, ಇದೇ ಹಾರ' ಎಂದರೆ ಮುಗಿಯುತ್ತಿತ್ತು. ಅವರು ನಕ್ಕು ಮನೆಗೆ ಹೋಗುತ್ತಿದ್ದರು. ಮತ್ತೆ ಮೆಟ್ಟಿಲು ಹತ್ತುತ್ತಿದ್ದರು, ಇಳಿಯುತ್ತಿದ್ದರು, ಸೆಕೆಂಡು ಎಣಿಸುತ್ತಿದ್ದರು. ಬಾಯಲ್ಲಿ ಬಿಸಿ ತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ. ನಾನು ಅಪ್ಪನ ಫೋಟೊ ನೋಡಿದೆ. ಸುಮ್ಮನಿದ್ದೆ.

ಅವರು ತಲೆಯಾಡಿಸಿ ಎದ್ದರು. "ಧನ್ಯವಾದ" ಎಂದರು. ಅದೊಂದು ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಸೋಮವಾರ ಅವರೇ ಆಸ್ಪತ್ರೆಗೆ ಫೋನು ಮಾಡಿದರು.

"ನೀ ಸುಳ್ಳ ಹೇಳಿದಿ" ಎಂದರು ನನ್ನ ಗಂಡ.

"ನಾ ಬಾಯೇ ತಗದಿಲ್ಲಲ್ರಿ!"

"ಅದಕ್ಕ ಅಂತೇನಿ. ಬಾಯಿ ತಗದು ಹೇಳಿದ್ರ ಸಣ್ಣ ಸುಳ್ಳಾಗತಿತ್ತು."

ಪಕ್ಕದಲ್ಲಿ ಫೋನು ಒತ್ತುತ್ತ ಕೂತಿದ್ದ ಮಗಳು ತಲೆಯೆತ್ತದೆ, "ದಟ್ಸ್ ಸೋ ಡಾಜಿ, ಅಮ್ಮಾ" ಎಂದಳು. ಡಾಜಿ ಎಂದರೆ ಇಲ್ಲಿಯವರ ಬಾಯಲ್ಲಿ ಮೋಸದ್ದು. ಕನ್ನಡ ಎಲ್ಲ ತಿಳಿಯುತ್ತದೆ ಕಳ್ಳಿಗೆ.

ಪೇಸ್‌ಮೇಕರ್ ಹಾಕಿದರು. ಎಲ್ಲ ಸುಸೂತ್ರವಾಯಿತು. ಪ್ರೊಫೆಸರರು ಎಡಭುಜದ ಕೆಳಗಿನ ಉಬ್ಬನ್ನು ಮುಟ್ಟಿಕೊಂಡು, ಬೇಡದ ಅತಿಥಿ ಮನೆಗೆ ಬಂದವರ ಹಾಗೆ ಓಡಾಡಿದರು. ಬೇಲಿಯಾಚೆಯಿಂದ ಸೆಕೆಂಡು ಹೇಳುವುದು ನಿಂತಿತು. ನಾನು ಚೆನ್ನಾಗಿ ನಿದ್ದೆ ಮಾಡಿದೆ, ಬೆಳಿಗ್ಗೆ ಎದ್ದು ನಾಚಿಕೊಂಡೆ. ಇವತ್ತು ಹೇಳಿಬಿಡುತ್ತೇನೆ ಎಂದು ಶುಕ್ರವಾರದಿಂದ ಶುಕ್ರವಾರಕ್ಕೆ ಮುಂದೂಡಿದೆ. ಅವರು ತಟ್ಟೆ ಚಾಚಿ "ಸಾಕು" ಎನ್ನುವರು, ನಾನು ಬಡಿಸುವೆ, ಹೇಳಬೇಕಾದ ಮಾತು ಸೌಟಿನಲ್ಲೇ ಉಳಿಯುವುದು.

ಯುಗಾದಿಯ ಕಾರ್ಯಕ್ರಮ ಬಂತು. ಈ ಸಲದ ಸನ್ಮಾನ ಸಂಘಕ್ಕೆ ವರ್ಷಗಳಿಂದ ಬಿಸಿಬೇಳೆಬಾತು ಮಾಡಿ ಹಾಕುತ್ತಿದ್ದ ದಾವಣಗೆರೆಯ ಆಂಟಿಗೆ. ಹಿಂದಿನ ಸಲ ಸನ್ಮಾನ ಮಾಡಿಸಿಕೊಂಡವರೇ ಈ ಸಲ ಶಾಲು ಹೊದಿಸಬೇಕು ಎಂಬುದು ನಮ್ಮ ಸಂಘದ ಪದ್ಧತಿ. ಇದು ನನಗೆ ಮರೆತೇಹೋಗಿತ್ತು. ಅಂಕಲ್ ನೇರವಾಗಿ ಪ್ರೊಫೆಸರರಿಗೇ ಫೋನು ಮಾಡಿ ಕರೆದುಬಿಟ್ಟಿದ್ದರು. ಸಭಾಂಗಣಕ್ಕೆ ಹೋಗಿ ನೋಡಿದರೆ ಮೊದಲ ಸಾಲಿನಲ್ಲಿ ಅದೇ ಸೂಟು.

ಅವರು ವೇದಿಕೆ ಹತ್ತಿದರು. ಆಂಟಿ ರೇಷ್ಮೆ ಸೀರೆ ಉಟ್ಟು ಗುಂಡಗೆ ನಗುತ್ತ ಕೂತಿದ್ದರು. ಪ್ರೊಫೆಸರರು ಶಾಲನ್ನು ಮಗುವಿಗೆ ಹೊದಿಸುವಷ್ಟು ಮೃದುವಾಗಿ ಹೊದಿಸಿ, ಆಂಟಿಯ ಕೈ ಹಿಡಿದು, ನಾಡಿಯ ಮೇಲೆ ಮೂರು ಬೆರಳಿಟ್ಟು ಗಡಿಯಾರ ನೋಡತೊಡಗಿದರು. ಸಭೆ ಚಪ್ಪಾಳೆ ತಟ್ಟಿತು.

"ಇವರ್ಯಾಕ್ ಕೈ ಬಿಡವಲ್ರು?" ಎಂದು ಆಂಟಿ ಪಕ್ಕದಲ್ಲಿ ನಿಂತಿದ್ದ ನನ್ನನ್ನು ಪಿಸುಗುಟ್ಟಿ ಕೇಳಿದರು. ಹಣ್ಣಿನ ಬುಟ್ಟಿ ಕೊಡಲು ನನ್ನನ್ನು ವೇದಿಕೆಗೆ ಹತ್ತಿಸಿದ್ದರು.

"ಪಾಪದ ಹೆಂಗಸು" ಎಂದು ಪ್ರೊಫೆಸರರು ನನ್ನ ಕಿವಿಯಲ್ಲಿ ಹೇಳಿದರು. "ನಾಡಿ ಎಪ್ಪತ್ತೆರಡು, ಕ್ರಮಬದ್ಧ. ಹೃದಯವಲ್ಲ. ಏನು, ಯಕೃತ್ತೇ? ಇವರಿಗೆ ತಿಳಿದಿದೆಯೇ?"

ಅಷ್ಟರಲ್ಲಿ ಅಂಕಲ್ ಸನ್ಮಾನಪತ್ರ ಓದತೊಡಗಿದರು. ಹಳೆಯದೇ ಪತ್ರ, ಊರು ಮಾತ್ರ ಬೇರೆ. ಪುಣ್ಯಭೂಮಿಯಾದ ದಾವಣಗೆರೆಯಲ್ಲಿ ಜನಿಸಿ, ಕಡುಬಡತನದಲ್ಲಿ ಬೆಂದು ಅರಳಿ, ಸಾವಿರಾರು ಹೃದಯಗಳನ್ನು ಮುಟ್ಟಿ... 'ಅಜಾತಶತ್ರು' ಎಂಬ ಪದ ಬಂದದ್ದೇ ಪ್ರೊಫೆಸರರ ತಲೆ ಸರ್ರನೆ ಮೇಲಾಯಿತು.

"ಇವರಿಗೂ ಶತ್ರುಗಳಿಲ್ಲವೇ?" ಎಂದರು. "ಇವರಿಗೆ ಏನು ಕಾಯಿಲೆ?"

"ಏನೂ ಇಲ್ಲ" ಎಂದೆ. ಆಮೇಲೆ ತಡೆಯಲಾಗಲಿಲ್ಲ. ಆ ವೇದಿಕೆಯ ಮೇಲೇ, ಬುಟ್ಟಿ ಹಿಡಿದುಕೊಂಡೇ, ಎಲ್ಲ ಹೇಳಿಬಿಟ್ಟೆ. ಎರಡನೆಯ ರೆಕಾರ್ಡಿಂಗ್ ಇರಲಿಲ್ಲ. ಇದು ನಮ್ಮವರು ಎಲ್ಲರಿಗೂ ಮಾಡುವ ಮರ್ಯಾದೆ. ಗೊತ್ತಿದ್ದೂ ನಾನು ಸುಮ್ಮನಿದ್ದೆ.

ಅವರು ಆಂಟಿಯ ಕೈಬಿಟ್ಟು ಕುರ್ಚಿಯ ಬೆನ್ನು ಹಿಡಿದರು. ಒಂದು ಗಳಿಗೆ ಕಣ್ಣು ನನ್ನನ್ನು ದಾಟಿ ಎಲ್ಲಿಗೋ ಹೋಯಿತು. ಆಮೇಲೆ ಒಂದೇ ವಾಕ್ಯ ಹೇಳಿದರು. "ನಿನ್ನ ತೀರ್ಮಾನ ಸರಿಯಾಗಿತ್ತು" ಎಂದು ನಿಲ್ಲಿಸಿ, ಉಸಿರೆಳೆದು, "ಆದರೆ ನಿನ್ನನ್ನು ನಾನು ಇನ್ನೆಂದೂ ನಂಬಲಾರೆ" ಎಂದು ಮುಗಿಸಿದರು. ವೇದಿಕೆ ಇಳಿದು, ಊಟ ಮಾಡದೆ ಹೊರಟುಹೋದರು. ಹೊರಗೆ ದಕ್ಷಿಣದ ಗಾಳಿ ಎಂದಿನಂತೆ ಜನರನ್ನು ಓರೆಯಾಗಿ ನಡೆಸುತ್ತಿತ್ತು. ಸಭೆ ಇನ್ನೂ ಚಪ್ಪಾಳೆ ತಟ್ಟುತ್ತಿತ್ತು.

ಮೂರು ಶುಕ್ರವಾರ ಅವರು ಬರಲಿಲ್ಲ. ಪರದೆ ಮಾತ್ರ ಹೊತ್ತಿಗೆ ಸರಿಯಾಗಿ ಸರಿಯುತ್ತಿತ್ತು. ಮಾಡಿದ್ದುಣ್ಣೋ ಮಹರಾಯ ಎಂದು ನನಗೆ ನಾನೇ ಹೇಳಿಕೊಂಡು ಅಡುಗೆಮನೆಯಲ್ಲಿ ಅತ್ತೆ. ಅವರು ಬದುಕಿದ್ದರು, ಅದೇ ತಾನೆ ಬೇಕಿದ್ದದ್ದು? ಆದರೂ ಅತ್ತೆ.

ಪೇಸ್‌ಮೇಕರ್ ಹಾಕಿದ ಕೆಲ ತಿಂಗಳ ಮೇಲೆ ತಪಾಸಣೆಗೆ ಬರಬೇಕು. ಆ ದಿನ ನನ್ನ ಸಹೋದ್ಯೋಗಿಯೊಬ್ಬಳು ನೋಡುವುದೆಂದು ನಿಗದಿಯಾಗಿತ್ತು. ಪ್ರೊಫೆಸರರು ಒಪ್ಪಲಿಲ್ಲ. "ಪ್ರಯೋಗ ಮಾಡಿದವಳೇ ಅಳತೆ ಮಾಡಲಿ" ಎಂದರಂತೆ. ನಾನು ಹೋದೆ. ಅವರು ಮಂಚದ ಮೇಲೆ ಅಂಗಿ ಬಿಚ್ಚಿ ಮಲಗಿದ್ದರು, ನನ್ನ ಮುಖ ನೋಡಲಿಲ್ಲ. ಎದೆಯ ಮೇಲೆ ಅಂಗೈಯಗಲದ ಬಿಲ್ಲೆ ಇಟ್ಟೆ. ಯಂತ್ರದೊಳಗಿನ ನೆನಪೆಲ್ಲ ತೆರೆಗೆ ಬಂತು. ಬ್ಯಾಟರಿ ಚೆನ್ನಾಗಿದೆ, ತಂತಿ ಚೆನ್ನಾಗಿದೆ. ಒಂದು ಕಡೆ ದೊಡ್ಡ ನಿಲುಗಡೆಯ ಗುರುತು ಇತ್ತು. ದಿನ, ಹೊತ್ತು ಎರಡೂ ಇತ್ತು. ಓದಿದೆ. ತೆರೆಯನ್ನು ಅವರ ಕಡೆ ತಿರುಗಿಸಿದೆ.

ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಶನಿವಾರ. ಐದು ಗಂಟೆ ಮೂವತ್ತೆಂಟು. ನನ್ನದೇ ಬಡಿತ ಇಲ್ಲಿ ಮುಗಿಯುತ್ತದೆ." ಬೆರಳಿಟ್ಟರು. "ಇಲ್ಲಿಂದ ಮುಂದೆ ಯಂತ್ರದ್ದು. ಹನ್ನೊಂದು ಸೆಕೆಂಡು ನನ್ನ ಹೃದಯ ತಾನಾಗಿ ಏನೂ ಮಾಡಿಲ್ಲ. ಆಗ ನಾನು ಎಲ್ಲಿದ್ದೆ?"

"ವೇದಿಕೆಯ ಮೇಲೆ. ಕುರ್ಚಿ ಹಿಡಿದು ನಿಂತಿದ್ದಿರಿ. ನನಗೆ ಬೈಯುತ್ತಿದ್ದಿರಿ."

"ವಾಕ್ಯವನ್ನು ಮುಗಿಸಿದೆನೇ?"

"ಮುಗಿಸಿದಿರಿ" ಎಂದೆ. ಕಣ್ಣಲ್ಲಿ ನೀರು ತುಂಬಿ ತೆರೆ ಕಾಣಿಸಲಿಲ್ಲ. "ಪೂರ್ತಿ ಮುಗಿಸಿದಿರಿ."

ಅವರು ಮಲಗಿದಲ್ಲಿಂದಲೇ ಜೇಬಿನ ಪೆನ್ಸಿಲಿಗೆ ತಡಕಾಡಿದರು. ಅಂಗಿ ಕುರ್ಚಿಯ ಮೇಲಿತ್ತು, ತೆಗೆದುಕೊಟ್ಟೆ. ಆ ಪುಟದ ಪ್ರತಿ ಕೇಳಿದರು, ಅದನ್ನೂ ಕೊಟ್ಟೆ. ತಮ್ಮ ಬಡಿತ ಮುಗಿದು ಯಂತ್ರದ ಬಡಿತ ಶುರುವಾಗುವ ಕಡೆ ಒಂದು ಉದ್ದ ಗೆರೆ ಎಳೆದರು. ಗೆರೆಯ ಎಡಕ್ಕೆ ಏನೋ ಬರೆದರು, ಬಲಕ್ಕೆ ಏನೋ ಬರೆದು ಹೊಡೆದುಹಾಕಿದರು. ಆಮೇಲೆ ನನ್ನ ಮುಖ ನೋಡಿದರು.

"ತೀರ್ಮಾನ ಸರಿಯಾಗಿತ್ತು ಎಂದದ್ದು ನಾನು. ಉಳಿದರ್ಧವನ್ನು ಹೇಳಿದ್ದು ಯಂತ್ರ. ಅದನ್ನು ನಾನು ಹಿಂತೆಗೆದುಕೊಳ್ಳುತ್ತೇನೆ."

ಶುಕ್ರವಾರ ಅವರು ಬಂದರು. ತಟ್ಟೆ ಚಾಚಿ "ಸಾಕು" ಎಂದರು. ಬಡಿಸಿದೆ.